ಪತ್ಮೋಸಿನಲ್ಲಿ ಯಾವ ಗ್ರಂಥಗಳಿದ್ದವು?

ಧ್ಯಾನಕೂಟಗಳ ಮೊದಲ ಸಂಜೆಯಲ್ಲಿಯೂ ಗುರುಮಠಗಳ ವಿರಾಮದ ಮಾತುಕತೆಯಲ್ಲಿಯೂ ಆಗಾಗ ಕೇಳಿಬರುವ ಪ್ರಶ್ನೆಯೊಂದಿದೆ. ಹಡಗು ಒಡೆದು ನಿರ್ಜನ ದ್ವೀಪವೊಂದನ್ನು ಸೇರಿದ್ದೀರಿ. ಇಡೀ ಬೈಬಲ್ ನಿಮ್ಮ ಕೈಗೆ ಸಿಗದು. ಅದರ ಐದು ಗ್ರಂಥಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ಯಾವ ಐದು? ಪ್ರಶ್ನೆ ಲಘುವಾದುದು, ಮಂದಹಾಸದೊಡನೆ ಕೇಳುವಂಥದು. ಆದರೂ ಅದಕ್ಕೆ ಬರುವ ಉತ್ತರಗಳು ಲಘುವಲ್ಲ. ಪವಿತ್ರಗ್ರಂಥ ಪ್ರವೇಶಿಕೆಯನ್ನು ಬೋಧಿಸುವ ನಾವು ಹಲವು ವರ್ಷಗಳಿಂದ ಮೊದಲ ತರಗತಿಯಲ್ಲಿ ಇದನ್ನೇ ಕೇಳುತ್ತ ಬಂದಿದ್ದೇವೆ. ಕೀರ್ತನೆಗಳು, ಯೆಶಾಯ, ಯೊವಾನ್ನನ ಶುಭಸಂದೇಶ, ರೋಮನರಿಗೆ ಬರೆದ ಪತ್ರ ಎಂಬ ನಾಲ್ಕು ಹೆಸರುಗಳು ಬಹುತೇಕ ಎಲ್ಲ ಚೀಟಿಗಳಲ್ಲಿಯೂ ಇರುತ್ತವೆ. ಐದನೆಯದರಲ್ಲಿ ಮಾತ್ರ ತುಸು ಭಿನ್ನಮತ: ಆದಿಕಾಂಡ, ಲೂಕ, ಕೆಲವೊಮ್ಮೆ ಯೋಬ. ನಾವು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಟ್ಟ ಚೀಟಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಈ ಪ್ರಶ್ನೆಯನ್ನೇ ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ. ಉತ್ತರಗಳು ತಪ್ಪೆಂದು ನಾವು ಹೇಳುವುದಿಲ್ಲ. ಪ್ರಶ್ನೆಯೊಳಗೆ ಎರಡು ಊಹೆಗಳು ಅಡಗಿವೆ: ಓದುಗನು ಒಂಟಿ ಎಂಬುದು ಒಂದು, ಗ್ರಂಥವು ಅವನ ಸ್ವತ್ತು ಎಂಬುದು ಇನ್ನೊಂದು. ಇವೆರಡೂ ಪವಿತ್ರಗ್ರಂಥದ ಸ್ವಭಾವಕ್ಕೆ ಒಗ್ಗುವಂಥವಲ್ಲ.

ಪ್ರಶ್ನೆಯ ಸಾಹಿತ್ಯಕ ಮೂಲವನ್ನು ಹುಡುಕಿದರೆ ಡೇನಿಯಲ್ ಡೆಫೋ 1719ರಲ್ಲಿ ಪ್ರಕಟಿಸಿದ 'ರಾಬಿನ್ಸನ್ ಕ್ರೂಸೋ' ಕಾದಂಬರಿಗೆ ಬಂದು ನಿಲ್ಲುತ್ತೇವೆ. ಬಾಲ್ಯದಲ್ಲಿ ಸಂಕ್ಷಿಪ್ತ ರೂಪದಲ್ಲಿ ಅದನ್ನು ಓದಿದವರಿಗೆ ಆಡುಗಳೂ ಛತ್ರಿಯೂ ಮರಳಿನ ಮೇಲಿನ ಹೆಜ್ಜೆಗುರುತೂ ನೆನಪಿರುತ್ತವೆ. ಅದು ಒಬ್ಬ ಬೈಬಲ್ ಓದುಗನ ಕಥೆಯೂ ಹೌದೆಂಬುದು ಮರೆತುಹೋಗಿರುತ್ತದೆ. ಒಡೆದ ಹಡಗಿನಿಂದ ಕ್ರೂಸೋ ತಂದ ಸಾಮಾನುಗಳಲ್ಲಿ ಮೂರು ಬೈಬಲ್‌ಗಳಿವೆ, ಜೊತೆಗೆ ಕೆಲವು ಪೋರ್ಚುಗೀಸ್ ಪುಸ್ತಕಗಳು, ಅವುಗಳ ನಡುವೆ ಎರಡು ಮೂರು ಕಥೋಲಿಕ ಪ್ರಾರ್ಥನಾಪುಸ್ತಕಗಳು. ಎಲ್ಲವನ್ನೂ ಅವನು ಜೋಪಾನವಾಗಿ ಎತ್ತಿಡುತ್ತಾನೆ. ಬಹುಕಾಲ ಯಾವುದನ್ನೂ ತೆರೆಯುವುದಿಲ್ಲ. ಚಳಿಜ್ವರದಿಂದ ನರಳುತ್ತ, ಔಷಧಿಗೆಂದು ಹೊಗೆಸೊಪ್ಪನ್ನು ಹುಡುಕಿ ಪೆಟ್ಟಿಗೆ ತೆರೆದಾಗ ಬೈಬಲ್ ಕೈಗೆ ಬರುತ್ತದೆ; ಕಣ್ಣಿಗೆ ಮೊದಲು ಬೀಳುವುದು ಐವತ್ತನೆಯ ಕೀರ್ತನೆಯ ಹದಿನೈದನೆಯ ವಾಕ್ಯ, ಸಂಕಟದ ದಿನದಲ್ಲಿ ಮೊರೆಯಿಡುವವನಿಗೆ ಬಿಡುಗಡೆಯನ್ನು ವಾಗ್ದಾನ ಮಾಡುವ ವಾಕ್ಯ. ಮುಂದೆ ಅವನು ಹೊಸ ಒಡಂಬಡಿಕೆಯಿಂದ ಆರಂಭಿಸಿ ದಿನವೂ ಓದತೊಡಗುತ್ತಾನೆ. ಬಿಡುಗಡೆ ಎಂಬ ಮಾತಿಗೆ ದ್ವೀಪದಿಂದ ಪಾರಾಗುವುದಕ್ಕಿಂತ ಪಾಪದಿಂದ ಪಾರಾಗುವುದೇ ಆಳವಾದ ಅರ್ಥವೆಂದು ಕಂಡುಕೊಳ್ಳುತ್ತಾನೆ. ಸಭೆ, ಯಾಜಕ, ವ್ಯಾಖ್ಯಾನ ಯಾವುದೂ ಇಲ್ಲದೆ ಒಬ್ಬ ಮನುಷ್ಯನೂ ಒಂದು ಪುಸ್ತಕವೂ ಮುಖಾಮುಖಿಯಾದರೆ ಸಾಕೆಂಬ ನಂಬಿಕೆಗೆ ಇದಕ್ಕಿಂತ ಮನೋಹರವಾದ ಚಿತ್ರ ದೊರಕುವುದು ಕಷ್ಟ. (ಕಥೋಲಿಕ ಪ್ರಾರ್ಥನಾಪುಸ್ತಕಗಳನ್ನು ಅವನು ತೆರೆದನೆಂಬ ಮಾತು ಎಲ್ಲಿಯೂ ಬರುವುದಿಲ್ಲ. ಆ ಕುರಿತು ನಮಗೆ ದೂರಿಲ್ಲ.)

ಆದರೆ ಡೆಫೋ ತನ್ನ ವಾದಕ್ಕಿಂತ ಪ್ರಾಮಾಣಿಕನಾದ ಕಾದಂಬರಿಕಾರ. ವರ್ಷಗಳು ಕಳೆದು ಫ್ರೈಡೇ ಎಂಬ ಸಂಗಾತಿ ದೊರಕಿದ ಮೇಲೆ ಕ್ರೂಸೋ ಅವನಿಗೆ ಧರ್ಮೋಪದೇಶ ಮಾಡುತ್ತಾನೆ. ದೇವರು ಸೈತಾನನಿಗಿಂತ ಬಲಶಾಲಿಯಾದರೆ ಅವನನ್ನು ಏಕೆ ಕೊಂದುಹಾಕುವುದಿಲ್ಲವೆಂದು ಶಿಷ್ಯನು ಕೇಳಿದಾಗ ಗುರು ತಬ್ಬಿಬ್ಬಾಗುತ್ತಾನೆ. ಪ್ರಶ್ನೆ ಕೇಳಿಸಲಿಲ್ಲವೆಂಬಂತೆ ನಟಿಸುತ್ತಾನೆ. ಇಷ್ಟು ಕಾಲದ ಏಕಾಂತ ಪಠನದಲ್ಲಿ ಅವನೊಳಗೆ ಏಳದಿದ್ದ ಪ್ರಶ್ನೆಯನ್ನು ಎರಡನೆಯ ಓದುಗನು ಬಂದು ಎಬ್ಬಿಸುತ್ತಾನೆ. ಇಡೀ ಕಾದಂಬರಿಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಪುಟ ಇದು. ಒಂಟಿ ಓದುಗನು ಗ್ರಂಥದಲ್ಲಿ ತನಗೆ ಬೇಕಾದ ಉತ್ತರಗಳನ್ನು ಕಂಡುಕೊಂಡನೇ ಹೊರತು ಗ್ರಂಥವು ಎತ್ತುವ ತೊಡಕುಗಳನ್ನಲ್ಲ.

ಆಯ್ಕೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಕ್ರಿ.ಶ. 144ರಲ್ಲಿ ರೋಮಿನ ಸಭೆಯಿಂದ ಹೊರಹಾಕಲ್ಪಟ್ಟ ಮಾರ್ಸಿಯೋನನು ಹಳೆಯ ಒಡಂಬಡಿಕೆಯನ್ನು ಪೂರ್ತಿಯಾಗಿ ಬದಿಗಿಟ್ಟು, ತಿದ್ದಿ ಕತ್ತರಿಸಿದ ಲೂಕನ ಶುಭಸಂದೇಶವನ್ನೂ ಪೌಲನ ಹತ್ತು ಪತ್ರಗಳನ್ನೂ ಉಳಿಸಿಕೊಂಡನು. ಯಾವ ಹಡಗೂ ಒಡೆದಿರಲಿಲ್ಲ. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 1522ರಲ್ಲಿ, ಮಾರ್ಟಿನ್ ಲೂಥರ್ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯೊವಾನ್ನನ ಶುಭಸಂದೇಶ, ಅವನ ಮೊದಲನೆಯ ಪತ್ರ, ರೋಮನರಿಗೆ, ಗಲಾತ್ಯರಿಗೆ, ಎಫೆಸದವರಿಗೆ ಬರೆದ ಪತ್ರಗಳು ಮತ್ತು ಪೇತ್ರನ ಮೊದಲನೆಯ ಪತ್ರ ಇವುಗಳಲ್ಲಿ ಕ್ರೈಸ್ತನು ತಿಳಿಯಬೇಕಾದುದೆಲ್ಲ ಇದೆಯೆಂದನು. ಯಕೋಬನ ಪತ್ರವನ್ನು ಹುಲ್ಲುಕಡ್ಡಿಗೆ ಹೋಲಿಸಿದನು. ಪ್ರಕಟನೆಯಲ್ಲಿ ಪವಿತ್ರಾತ್ಮರ ಗುರುತು ತನಗೆ ಕಾಣದೆಂದು ಬರೆದನು. ಲೂಥರನಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೆರಡು ಮಾತು ಸೇರಿಸಬೇಕು: ಹಿಬ್ರಿಯರಿಗೆ, ಯಕೋಬ, ಯೂದ, ಪ್ರಕಟನೆ ಈ ನಾಲ್ಕನ್ನು ಅವನು ಕೊನೆಗೆ ಸರಿಸಿದನೇ ಹೊರತು ಕೈಬಿಡಲಿಲ್ಲ, ಪ್ರಕಟನೆಯ ಮುನ್ನುಡಿಯನ್ನು 1530ರಲ್ಲಿ ಬಹಳ ಮೃದುವಾಗಿ ತಿರುಗಿ ಬರೆದನು. ಇಪ್ಪತ್ತನೆಯ ಶತಮಾನದಲ್ಲಿ ಎರ್ನ್ಸ್ಟ್ ಕೇಸೆಮನ್ 'ಕ್ಯಾನನ್ನಿನೊಳಗಿನ ಕ್ಯಾನನ್' ಎಂಬ ವಾದವನ್ನು ಬಲವಾಗಿ ಮಂಡಿಸಿದಾಗ, ಕಥೋಲಿಕ ಮನೋಭಾವವೆಂದರೆ ಹೊಸ ಒಡಂಬಡಿಕೆಯ ಸಮಗ್ರತೆಗೆ ತೆರೆದುಕೊಳ್ಳುವುದೇ ಎಂದು ಹಾನ್ಸ್ ಕ್ಯುಂಗ್ ಪ್ರತಿವಾದ ಹೂಡಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು.

ಇಷ್ಟನ್ನು ಓದಿ ಕಥೋಲಿಕ ಓದುಗರು ನೆಮ್ಮದಿಯ ಉಸಿರು ಬಿಡಬಹುದು. 1546ರಲ್ಲಿ ತ್ರೆಂತ್ ಮಹಾಸಭೆ ಗ್ರಂಥಗಳ ಪಟ್ಟಿಯನ್ನು ಘೋಷಿಸಿದೆ, ಎಪ್ಪತ್ತಮೂರೂ ನಮ್ಮವು, ಆಯ್ಕೆಯ ಪಾಪ ಅನ್ಯರದು. ಈ ನೆಮ್ಮದಿಯನ್ನು ಕದಡುವುದು ನಮಗೆ ಅಗತ್ಯವೆನಿಸುತ್ತದೆ. ಮೂರು ವರ್ಷಗಳ ಭಾನುವಾರದ ವಾಚನಚಕ್ರದಲ್ಲಿ ಯಾಜಕಕಾಂಡದಿಂದ ಪಾಠ ಬರುವುದು ಎರಡೇ ಭಾನುವಾರ, ಸಾಧಾರಣ ಕಾಲದ ಆರನೆಯದು ಮತ್ತು ಏಳನೆಯದು; ತಪಸ್ಸುಕಾಲ ಬೇಗ ಆರಂಭವಾದ ವರ್ಷಗಳಲ್ಲಿ ಅವೂ ಬಿಟ್ಟುಹೋಗುತ್ತವೆ. ಯೋಬನಿಗೂ ಸಾಧಾರಣ ಕಾಲದಲ್ಲಿ ದೊರಕಿರುವುದು ಎರಡೇ ಭಾನುವಾರ. ವಾಚನಗ್ರಂಥ ಬೇರೆ ರೀತಿಯಲ್ಲಿ ಇರಲು ಸಾಧ್ಯವಿಲ್ಲವೆಂಬುದು ನಿಜ, ವರ್ಷಕ್ಕೆ ಐವತ್ತೆರಡೇ ಭಾನುವಾರಗಳಷ್ಟೆ. ಆದರೆ ಅಲ್ಲಿ ಇರುವುದನ್ನೂ ನಾವು ಇನ್ನಷ್ಟು ಕುಗ್ಗಿಸುತ್ತೇವೆ. ಎರಡನೆಯ ವಾಚನದ ಮೇಲೆ ಕಡೆಯ ಬಾರಿ ಪ್ರಬೋಧನೆ ನೀಡಿದ್ದು ಯಾವಾಗ ಎಂದು ನಮ್ಮನ್ನು ನಾವು ಕೇಳಿಕೊಂಡರೆ ಉತ್ತರ ಕೊಡುವವರು ವಿರಳ. ಪಾಸ್ಖಕಾಲದಲ್ಲಿ ಮೂರು ವರ್ಷಗಳಿಗೊಮ್ಮೆ ಭಾನುವಾರಗಳ ಎರಡನೆಯ ವಾಚನವಾಗಿ ಪ್ರಕಟನೆ ಬರುತ್ತದೆ. ಆ ವಾರಗಳಲ್ಲಿ ನಾವು ಎಷ್ಟು ಬಾರಿ ಅದನ್ನು ಮುಟ್ಟಿದ್ದೇವೆ? ಅದನ್ನು ಪ್ರತ್ಯೇಕ ಪಂಗಡಗಳ ಬೀದಿಬೋಧಕರಿಗೆ ಬಿಟ್ಟುಕೊಟ್ಟು, ಅವರು ಅದರ ಮೃಗವನ್ನೂ ಸಂಖ್ಯೆಯನ್ನೂ ಹಿಡಿದು ನಮ್ಮ ಜನರನ್ನು ಹೆದರಿಸಿದಾಗ ದೂರುವುದು ನಮ್ಮ ರೂಢಿ.

ಕೀರ್ತನೆಗಳ ವಿಷಯ ಇನ್ನೂ ಸೂಕ್ಷ್ಮ. ದ್ವೀಪಕ್ಕೆ ಕೀರ್ತನೆಗಳನ್ನು ಒಯ್ಯುತ್ತೇವೆಂದು ಎಲ್ಲರೂ ಹೇಳುತ್ತಾರೆ. ಯಾವ ಕೀರ್ತನೆಗಳು? ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪರಿಷ್ಕೃತವಾದ ದೈನಿಕ ಪ್ರಾರ್ಥನಾವಿಧಿಯಲ್ಲಿ 58, 83 ಮತ್ತು 109ನೆಯ ಕೀರ್ತನೆಗಳು ಇಲ್ಲವೇ ಇಲ್ಲ. ಬೇರೆ ಕೆಲವು ಕೀರ್ತನೆಗಳ ಶಾಪವಾಕ್ಯಗಳನ್ನೂ ಕೈಬಿಡಲಾಗಿದೆ. ಪ್ರಾರ್ಥಿಸುವವರಿಗೆ ಮಾನಸಿಕ ತೊಡಕುಂಟಾಗುತ್ತದೆ ಎಂಬುದು ಅದರ ಸಾಮಾನ್ಯ ನಿರ್ದೇಶನದ 131ನೆಯ ಪರಿಚ್ಛೇದ ಕೊಡುವ ಕಾರಣ. ಅಂತಹ ಕೀರ್ತನೆಗಳು ಹೊಸ ಒಡಂಬಡಿಕೆಯ ಭಕ್ತಿಯಲ್ಲಿಯೇ ಸ್ಥಾನ ಪಡೆದಿವೆಯೆಂದು ಅದೇ ಪರಿಚ್ಛೇದ ಒಪ್ಪಿಕೊಂಡು, ಬಲಿಪೀಠದ ಕೆಳಗಿನಿಂದ ನ್ಯಾಯಕ್ಕಾಗಿ ಕೂಗುವ ಹುತಾತ್ಮರ ಮೊರೆಯನ್ನು, ಅಂದರೆ ಪ್ರಕಟನೆ 6:10ನ್ನು, ಉದಾಹರಿಸುತ್ತದೆ. ಧರ್ಮಸಭೆಯ ಈ ತೀರ್ಮಾನವನ್ನು ನಾವು ಗೌರವಿಸುತ್ತೇವೆ. ಅದರ ಹಿಂದಿನ ಪಾಲನಾ ಕಾಳಜಿಯೂ ಅರ್ಥವಾಗುತ್ತದೆ. ಆದರೂ ಸುಳ್ಳುಸಾಕ್ಷಿಗೆ ಗುರಿಯಾಗಿ, ಹೊಲಮನೆ ಕಳೆದುಕೊಂಡು ನಮ್ಮ ಮುಂದೆ ಬಂದು ಕುಳಿತವನ ಬಾಯಿಗೆ ಮಾತು ಕೊಡಬಲ್ಲದ್ದು 23ನೆಯ ಕೀರ್ತನೆಯಲ್ಲ, 109ನೆಯದು. ಅದನ್ನು ಎಂದೂ ಪ್ರಾರ್ಥಿಸದ ಯಾಜಕನಿಗೆ ಅವನ ಸಿಟ್ಟು ಪ್ರಾರ್ಥನೆಯಾಗಿ ಕೇಳಿಸುವುದಿಲ್ಲ, ತಾಳ್ಮೆಗೇಡಿತನವಾಗಿ ಕೇಳಿಸುತ್ತದೆ.

ಇನ್ನು ನಿಜವಾಗಿ ತೊರೆಯಲ್ಪಟ್ಟವರ ಕಡೆಗೆ ಬರೋಣ. ಕಲ್ಪನೆಯ ದ್ವೀಪಗಳನ್ನು ಬಿಟ್ಟು ನಿಜವಾದ ದ್ವೀಪಗಳಿಗೆ ಹೋದರೆ ಜನರು ಏನನ್ನು ಉಳಿಸಿಕೊಂಡರೆಂಬುದು ಬೇರೆಯೇ ಆಗಿ ಕಾಣುತ್ತದೆ.

ಜಪಾನಿನಲ್ಲಿ 1614ರ ನಿಷೇಧದ ನಂತರ ಯಾಜಕರು ಗಡೀಪಾರಾದರು, ಅಡಗಿ ಉಳಿದವರು ಒಬ್ಬೊಬ್ಬರಾಗಿ ಸತ್ತರು. ಅಲ್ಲಿಂದ ಎರಡು ಶತಮಾನಗಳಿಗೂ ಹೆಚ್ಚು ಕಾಲ ನಾಗಸಾಕಿಯ ಸುತ್ತಲಿನ ಹಳ್ಳಿಗಳಲ್ಲಿಯೂ ಗೋಟೊ ದ್ವೀಪಗಳಲ್ಲಿಯೂ ಗುಪ್ತ ಕ್ರೈಸ್ತರು ಯಾಜಕರಿಲ್ಲದೆ, ಬಲಿಪೂಜೆಯಿಲ್ಲದೆ, ಬೈಬಲ್ ಇಲ್ಲದೆ ಬಾಳಿದರು. 1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ಓಉರದ ಹೊಸ ದೇವಾಲಯಕ್ಕೆ ಬಂದು ಫಾದರ್ ಬರ್ನಾರ್ ಪೆತಿಜಾನರಿಗೆ ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ತಿಳಿಸಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಅದು ತಪಸ್ಸುಕಾಲವೆಂಬುದು ಅವರಿಗೆ ತಿಳಿದಿತ್ತು. ಪುಸ್ತಕ ಕಳೆದುಹೋಗಿದ್ದರೂ ಪಂಚಾಂಗ ಕಳೆದುಹೋಗಿರಲಿಲ್ಲ.

ಅವರಲ್ಲಿ ಬಾಯಿಂದ ಬಾಯಿಗೆ ಹರಿದುಬಂದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬರಹರೂಪಕ್ಕೆ ಇಳಿದ 'ತೆಂಚಿ ಹಜಿಮಾರಿ ನೊ ಕೊತೊ', ಅಂದರೆ ಭೂಮ್ಯಾಕಾಶಗಳ ಆರಂಭದ ವೃತ್ತಾಂತ, ದೈವಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪರಿಚಯ ಮಾಡಿಕೊಳ್ಳಬೇಕಾದ ಕೃತಿ. ಅದರಲ್ಲಿ ಸೃಷ್ಟಿಯಿದೆ, ಪತನವಿದೆ, ಜಲಪ್ರಳಯವಿದೆ, ಮರಿಯಮ್ಮನವರ ಕಥೆಯಿದೆ, ಯೇಸುವಿನ ಜನನವೂ ಯಾತನೆಯೂ ಇವೆ. ಪ್ರವಾದಿಗಳಿಗೂ ಪೌಲನ ಪತ್ರಗಳಿಗೂ ಅಲ್ಲಿ ಸ್ಥಾನ ದೊರಕಿಲ್ಲ. ನಮ್ಮ ಚೀಟಿಗಳಲ್ಲಿ ತಪ್ಪದೆ ಕಾಣಿಸುವ ರೋಮನರಿಗೆ ಬರೆದ ಪತ್ರದ ಒಂದು ಎಳೆಯೂ ಆ ದ್ವೀಪಗಳನ್ನು ತಲುಪಿ ಉಳಿಯಲಿಲ್ಲ. ಇನ್ನೊಂದು ವಿವರ ನಮ್ಮನ್ನು ಬಹಳ ಕಾಲದಿಂದ ಕಾಡಿದೆ. ಪೊಂತ್ಯ ಪಿಲಾತನು ಅಲ್ಲಿ ಒಬ್ಬನಲ್ಲ, ಇಬ್ಬರು: ಪೊನ್ಶ ಎಂಬವನು ಒಬ್ಬ, ಪಿರೊತೊ ಎಂಬವನು ಇನ್ನೊಬ್ಬ. ನಗು ಬರುವಂತಹ ತಪ್ಪು. ಆದರೆ ಈ ತಪ್ಪು ಯಾವ ದಾರಿಯಿಂದ ಬಂದಿರಬಹುದೆಂದು ಯೋಚಿಸಿದರೆ ನಗು ನಿಲ್ಲುತ್ತದೆ. ಶುಭಸಂದೇಶದ ಪುಟದಲ್ಲಿ ಪಿಲಾತನನ್ನು ಕಂಡವನು ಅವನನ್ನು ಎರಡಾಗಿ ಒಡೆಯಲಾರ. ಪ್ರೇಷಿತರ ವಿಶ್ವಾಸಪ್ರಮಾಣವನ್ನು ಅರ್ಥ ತಿಳಿಯದ ಪರಭಾಷೆಯ ಶಬ್ದಗಳಲ್ಲಿ ಜಪಿಸುತ್ತ ಬಂದವನಿಗೆ ಮಾತ್ರ ಆ ಜೋಡಿಹೆಸರು ಇಬ್ಬರಾಗಿ ಕೇಳಿಸಬಹುದು. ಕಥೆ ಪುಸ್ತಕದಿಂದ ಉಳಿಯಲಿಲ್ಲ, ಜಪದಿಂದ ಉಳಿಯಿತು ಎಂದೇ ನಾವು ಅದನ್ನು ಓದುತ್ತೇವೆ. ಹಾಗೆಂದು ಆ ಉಳಿವನ್ನು ಆದರ್ಶವೆಂದು ಹೊಗಳುವುದೂ ಸಲ್ಲದು: ಪ್ರವಾದಿಗಳಿಲ್ಲದ, ಪೌಲನಿಲ್ಲದ ವಿಶ್ವಾಸ ಎಷ್ಟು ಬಡವಾಗುತ್ತದೆಂಬುದಕ್ಕೂ ಅದೇ ಕೃತಿ ಸಾಕ್ಷಿ.

ಪವಿತ್ರಗ್ರಂಥದೊಳಗಿನ ತೊರೆಯಲ್ಪಟ್ಟವರೂ ಪಟ್ಟಿ ಮಾಡಿಕೊಂಡು ಹೊರಟವರಲ್ಲ. ಮೀನಿನ ಹೊಟ್ಟೆಯಲ್ಲಿ ಯೋನನು ಮಾಡುವ ಪ್ರಾರ್ಥನೆ ಕೀರ್ತನೆಗಳ ತುಣುಕುಗಳಿಂದ ನೇಯ್ದದ್ದು. ಸ್ವಂತದ್ದೆನ್ನಬಹುದಾದ ಮಾತು ಅದರಲ್ಲಿ ಅತ್ಯಲ್ಪ. ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿ ಮಾಲ್ಟಾದ ದಡದಲ್ಲಿ ಒಡೆದ ಹಡಗಿನಲ್ಲಿ 276 ಜನರಿದ್ದರೆಂದು ಲೂಕನು ಲೆಕ್ಕ ಕೊಡುತ್ತಾನೆ, ಪೌಲನು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿ ಮುರಿದದ್ದನ್ನೂ ಹೇಳುತ್ತಾನೆ. ಯಾವ ಸುರುಳಿ ಉಳಿಯಿತೆಂಬುದನ್ನು ಹೇಳುವುದಿಲ್ಲ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಸೆರೆಯಲ್ಲಿರುವ ಪೌಲನು ಕಂಬಳಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಸುರುಳಿಗಳನ್ನೂ ತರಹೇಳುತ್ತಾನೆ. ಯಾವ ಪುಸ್ತಕಗಳೆಂದು ಅಲ್ಲಿಯೂ ಹೆಸರಿಲ್ಲ. ಬೈಬಲಿನಲ್ಲಿ ಆಯ್ದು ಉಳಿಸುವವನಂತೂ ಒಬ್ಬನೂ ಕಾಣುವುದಿಲ್ಲ. ಆಯ್ದು ನಾಶಮಾಡುವವನು ಒಬ್ಬನಿದ್ದಾನೆ. ಅವನು ಅರಸ ಯೆಹೋಯಾಕೀಮ. ಯೆರೆಮೀಯನ ಸುರುಳಿಯನ್ನು ಮೂರು ನಾಲ್ಕು ಅಂಕಣ ಓದಿಸಿದಂತೆಲ್ಲ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಿದವನು.

ಈಗ ಪತ್ಮೋಸ್. ಇಡೀ ಬೈಬಲಿನಲ್ಲಿ ತಾನು ದ್ವೀಪವೊಂದರಲ್ಲಿ ಇದ್ದಾಗ ಕಂಡದ್ದೆಂದು ಹೇಳಿಕೊಳ್ಳುವ ಗ್ರಂಥ ಒಂದೇ, ಅದು ಪ್ರಕಟನೆ. ದ್ವೀಪಕ್ಕೆ ಒಯ್ಯುವ ಪಟ್ಟಿಗಳಲ್ಲಿ ನಮಗೆ ಎಂದೂ ಕಾಣಸಿಗದ ಗ್ರಂಥವೂ ಅದೇ. ದೇವರ ವಾಕ್ಯದ ನಿಮಿತ್ತ, ಯೇಸುವಿನ ಸಾಕ್ಷ್ಯದ ನಿಮಿತ್ತ ತಾನು ಅಲ್ಲಿದ್ದೆನೆಂದು ಯೊವಾನ್ನನು ಹೇಳುತ್ತಾನೆ. (ಅವನು ಪ್ರೇಷಿತ ಯೊವಾನ್ನನೇ ಎಂಬ ಚರ್ಚೆ ನಮ್ಮ ವಾದಕ್ಕೆ ಬೇಕಿಲ್ಲ.) ಅವನ ಬಳಿ ಯಾವ ಗ್ರಂಥಗಳಿದ್ದವು? ಕೈಯಲ್ಲಿ ಏನಿತ್ತೋ ಪಠ್ಯ ಹೇಳುವುದಿಲ್ಲ. ಆದರೆ ಅವನೊಳಗೆ ಏನಿತ್ತೆಂಬುದನ್ನು ಪ್ರತಿಯೊಂದು ಪುಟವೂ ಹೇಳುತ್ತದೆ. ಪ್ರಕಟನೆಯ 404 ವಾಕ್ಯಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವು ಹಳೆಯ ಒಡಂಬಡಿಕೆಯನ್ನು ಪ್ರತಿಧ್ವನಿಸುತ್ತವೆ. ಬರೆದಿದೆ ಎಂಬ ಪೀಠಿಕೆಯೊಡನೆ ಉದ್ಧರಿಸಿದ ವಾಕ್ಯ ಒಂದೂ ಇಲ್ಲ. ಯೆಜೆಕಿಯೇಲನ ಸಿಂಹಾಸನ, ದಾನಿಯೇಲನ ಮೃಗಗಳು, ಜೆಕರ್ಯನ ದೀಪಸ್ತಂಭಗಳು, ಈಜಿಪ್ಟಿನ ಬಾಧೆಗಳು, ಯೆಶಾಯನ ನೂತನ ಭೂಮ್ಯಾಕಾಶ, ಮೋಶೆಯ ಗೀತೆ ಇವೆಲ್ಲ ಅವನಿಗೆ ಉದ್ಧರಣೆಗಳಲ್ಲ, ಉಸಿರು. ಹತ್ತನೆಯ ಅಧ್ಯಾಯದಲ್ಲಿ ಅವನು ಸುರುಳಿಯನ್ನು ತಿನ್ನುತ್ತಾನೆ. ಅದು ಬಾಯಿಗೆ ಸಿಹಿ, ಹೊಟ್ಟೆಗೆ ಕಹಿ. ಆ ಕ್ರಿಯೆಯೂ ಯೆಜೆಕಿಯೇಲನಿಂದಲೇ ಬಂದದ್ದು, ಕಹಿಯನ್ನು ಮಾತ್ರ ಯೊವಾನ್ನನು ಸೇರಿಸಿದ್ದಾನೆ. ತನಗೆ ಸಿಹಿಯಾದುದನ್ನಷ್ಟೇ ಆಯ್ದುಕೊಂಡವನು ಈ ಅಧ್ಯಾಯವನ್ನು ಬರೆಯಲಾರನು. ನಮ್ಮ ಪ್ರಿಯ ಗ್ರಂಥಗಳ ಪಟ್ಟಿ ಹಿಡಿದು ಹೋಗಿದ್ದರೆ ಅವನಿಗೆ ಯೆಶಾಯ, ಕೀರ್ತನೆಗಳು ಸಿಕ್ಕಿರುತ್ತಿದ್ದವು. ಯೆಜೆಕಿಯೇಲ, ಜೆಕರ್ಯ, ದಾನಿಯೇಲ, ವಿಮೋಚನಕಾಂಡ ದಡದಲ್ಲಿಯೇ ಉಳಿಯುತ್ತಿದ್ದವು. ಪ್ರಕಟನೆ ಹುಟ್ಟುತ್ತಿರಲಿಲ್ಲ.

ಮತ್ತೂ ಒಂದು ವಿಷಯ. ಆ ದರ್ಶನ ಬಂದದ್ದು ಪ್ರಭುವಿನ ದಿನದಂದು ಎಂದು ಯೊವಾನ್ನನು ಗುರುತು ಹಾಕುತ್ತಾನೆ. ದ್ವೀಪದಲ್ಲಿದ್ದರೂ ಅವನಿಗೆ ಅದು ಭಾನುವಾರವೆಂಬುದು ಗೊತ್ತು. ಕಡಲಾಚೆ ಏಳು ಸಭೆಗಳು ಅದೇ ದಿನ ಕೂಡುತ್ತವೆಂಬುದು ಗೊತ್ತು. ಬರೆಯುವುದೂ ಅವರಿಗೆ, ಅವರ ಸಹೋದರನಾಗಿ. ಉರಕಾಮಿಯವರ ತಪಸ್ಸುಕಾಲ ಇಲ್ಲಿ ನೆನಪಾಗುತ್ತದೆ. ಕ್ರೂಸೋ ಕೂಡ ಕಂಬದ ಮೇಲೆ ದಿನಕ್ಕೊಂದು ಗೀರು, ಏಳನೆಯದಕ್ಕೆ ಉದ್ದನೆಯ ಗೀರು ಹಾಕುತ್ತಿದ್ದನಷ್ಟೆ. ನಡುವೆ ಅದನ್ನು ಕೈಬಿಟ್ಟು ಭಾನುವಾರಗಳ ಲೆಕ್ಕ ತಪ್ಪಿದನೆಂಬುದನ್ನೂ ಡೆಫೋ ಮರೆಯದೆ ದಾಖಲಿಸಿದ್ದಾನೆ.

ನಮ್ಮ ಕಾಲದ ಸಾಕ್ಷಿಯೊಬ್ಬರನ್ನು ಹೆಸರಿಸದೆ ಇರಲಾರೆವು. 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ವಿಯೆಟ್ನಾಮಿನಲ್ಲಿ ಬಂಧಿತರಾದ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುಆನ್ ಹದಿಮೂರು ವರ್ಷ ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಬೈಬಲನ್ನು ಒಯ್ಯಲು ಅವಕಾಶವಿರಲಿಲ್ಲ. ಸಿಕ್ಕಿದ ಕಾಗದದ ಚೂರುಗಳನ್ನು ಕೂಡಿಸಿ, ನೆನಪಿನಲ್ಲಿದ್ದ ಶುಭಸಂದೇಶದ ಮುನ್ನೂರಕ್ಕೂ ಹೆಚ್ಚು ವಾಕ್ಯಗಳನ್ನು ಅವರು ಬರೆದುಕೊಂಡರು. ಅದೇ ಅವರ ಬೈಬಲ್ ಆಯಿತು. ಆ ಮುನ್ನೂರು ವಾಕ್ಯಗಳನ್ನು ಅವರು ಆರಿಸಿದ್ದು ಬಂಧನದ ದಿನದಂದಲ್ಲ. ಬಾಲ್ಯದಿಂದ, ಪ್ರಾರ್ಥನೆಯಿಂದ, ಗುರುಮಠದಿಂದ, ಬಲಿಪೂಜೆಯಿಂದ ಅವು ಮೊದಲೇ ಅವರೊಳಗೆ ನೆಲೆಸಿದ್ದವು.

ಆದ್ದರಿಂದ ಯಾವ ಗ್ರಂಥಗಳನ್ನು ಒಯ್ಯುತ್ತೀರಿ ಎಂಬುದನ್ನು ಬಿಟ್ಟು, ಈ ಹೊತ್ತು ಏನೂ ಒಯ್ಯದೆ ಹೋದರೆ ನಿಮ್ಮೊಳಗೆ ಏನು ಉಳಿದಿರುತ್ತದೆ ಎಂದು ಕೇಳುವುದು ಉಚಿತವೆಂದು ನಮಗೆ ತೋರಿತು. ಕಳೆದ ವರ್ಷ ತರಗತಿಯಲ್ಲಿ ಹಾಗೆಯೇ ಕೇಳಿದೆವು. ಕನ್ನಡದಲ್ಲಿ, ಎಂಬ ಷರತ್ತನ್ನೂ ಸೇರಿಸಿದೆವು. ಏಕೆಂದರೆ ನಮ್ಮ ವಿದ್ಯಾರ್ಥಿಗಳು ದೈವಶಾಸ್ತ್ರ ಕಲಿಯುವುದೂ ಎಷ್ಟೋ ಸಲ ಪ್ರಾರ್ಥನಾವಿಧಿ ಹೇಳುವುದೂ ಇಂಗ್ಲಿಷಿನಲ್ಲಿ, ನಾಳೆ ಸಾಯುವವನ ಹಾಸಿಗೆಯ ಪಕ್ಕ ಕೂರುವುದು ಕನ್ನಡದಲ್ಲಿ. ಕುಮಾರವ್ಯಾಸನ ಸಂಧಿಗಳನ್ನೇ ಬಾಯಿಪಾಠ ಹೇಳುವ ಗಮಕಿಗಳಿರುವ ನಾಡಿನಲ್ಲಿ, ಓದುಬರಹ ಬಾರದ ಅಜ್ಜಿಯರು ಜಪಸರದ ರಹಸ್ಯಗಳನ್ನು ಒಂದಕ್ಷರ ತಪ್ಪದೆ ಹೇಳುವ ಮನೆಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು 23ನೆಯ ಕೀರ್ತನೆಯನ್ನೂ ಪರ್ವತಪ್ರಸಂಗದ ಕೆಲವು ವಾಕ್ಯಗಳನ್ನೂ ದಾಟಿ ಮುಂದೆ ಹೋಗಲಿಲ್ಲ.

ಹಿಂದಿನ ಬೆಂಚಿನ ಒಬ್ಬನು ಮಾತ್ರ, ತಾನು ಫಿಲೆಮೋನನಿಗೆ ಬರೆದ ಪತ್ರವನ್ನು ಉಳಿಸಿಕೊಳ್ಳುವುದಾಗಿ ಹೇಳಿದನು. ಎಲ್ಲರೂ ನಕ್ಕರು. ಕಾರಣ ಕೇಳಿದೆವು. ಅದರಲ್ಲಿ ಇಪ್ಪತ್ತೈದೇ ವಾಕ್ಯಗಳಿವೆ, ಒಂದು ವಾರದಲ್ಲಿ ಕಲಿಯಬಹುದು, ಮುಂದಿನ ವಾರ ಇನ್ನೊಂದನ್ನು ಹಿಡಿಯಬಹುದು ಎಂದನು. ಮುಂದಿನ ಸೋಮವಾರ ಎದ್ದು ನಿಂತು, ಸೆರೆಯಾಳು ಪೌಲನು ಓಡಿಹೋದ ಗುಲಾಮನೊಬ್ಬನ ಪರವಾಗಿ ಬರೆದ ಆ ಪತ್ರವನ್ನು ಕಡೆಯ ಆಶೀರ್ವಾದದ ತನಕ ಕನ್ನಡದಲ್ಲಿ ಹೇಳಿದನು. ಆಮೇಲೆ, ಉದ್ಧಟತನವಿಲ್ಲದೆಯೇ, ತಾವೂ ಒಂದನ್ನು ಹೇಳಬೇಕೆಂದು ನಮ್ಮನ್ನು ಕೇಳಿಕೊಂಡನು. ಪ್ರತಿ ಶುಕ್ರವಾರದ ರಾತ್ರಿಯ ಪ್ರಾರ್ಥನೆಯಲ್ಲಿ ಬರುವ 88ನೆಯ ಕೀರ್ತನೆಯನ್ನು, ಕತ್ತಲೆಯ ಮಾತಿನಲ್ಲಿಯೇ ಮುಗಿದುಬಿಡುವ ಆ ಕೀರ್ತನೆಯನ್ನು, ನಾವು ಆರಿಸಿಕೊಂಡೆವು. ಎರಡು ದಶಕಗಳಿಂದ ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ಓದುತ್ತಿರುವ ಕೀರ್ತನೆ ಅದು. ಕನ್ನಡದಲ್ಲಿ ಮೂರನೆಯ ವಾಕ್ಯದ ಆಚೆಗೆ ನಮಗೆ ಮಾತು ಬರಲಿಲ್ಲ. ಅವನು ಪುಸ್ತಕ ತೆರೆದು ಉಳಿದುದನ್ನು ಮೆಲ್ಲನೆ ಓದಿಕೊಟ್ಟನು. ನಾವು ಹಿಂದೆಯೇ ಹೇಳುತ್ತ ಹೋದೆವು.